ಡಬ್ಬದ ಯೋಗರ್ಟಾ, ಬಟ್ಟೆಲಿ ಕಟ್ಟಿದ ಮೊಸರಾ? ಶಿರಸಿ ಮನೆಲಿ ಜಪಾನೀಸ್ ಚೀಸ್‌ಕೇಕ್

ಮೊದ್ಲೇ ಹೇಳ್ಬಿಡ್ತೀನಿ, ಗಡಗಡ ಅಲ್ಲಾಡೋ ಆ ಹತ್ತಿಯಂಥ ಜಪಾನೀಸ್ ಚೀಸ್‌ಕೇಕ್ ಇದ್ಯಲ್ಲ, ಮೊಟ್ಟೆ ಬಿಳಿ ನೊರೆ ಬರ್ಸಿ ನೀರಿನ ಟ್ರೇಲಿಟ್ಟು ಓವನ್ನಲ್ಲಿ ಬೇಯಿಸೋದು, ಅದು ನಮ್ಮನೆಲಿ ಆಗೋ ಮಾತಲ್ಲ. ಆಯಿ (ನಮ್ಮ ಅಮ್ಮ) ಮೊಟ್ಟೆನ ಹೊಸ್ತಿಲು ದಾಟ್ಸಲ್ಲ, ಓವನ್ನೂ ಇಲ್ಲ, ಮಳೆಗಾಲದಲ್ಲಿ ಕರೆಂಟಿನ ಕಥೆ ಶಿರಸಿಯವ್ರಿಗೆ ಹೇಳೋದೇ ಬೇಡ. ಅದೂ ಅಲ್ದೆ ಅದಕ್ಕೆ ಹಾಕೋ ಕ್ರೀಮ್ ಚೀಸಲ್ಲಿ 100 ಗ್ರಾಂಗೆ ಫ್ಯಾಟೇ 30 ಗ್ರಾಂ ಮೇಲೆ, ಪ್ರೋಟೀನ್ 6ರ ಆಸುಪಾಸು. ಜಿಮ್ಮಿಂದ ಬಂದು ಅದನ್ನ ತಿನ್ನೋಕೆ ಮನಸ್ಸು ಬರಲ್ಲ.

ಹಾಗಾಗಿ ಜಪಾನೀಸ್ ಚೀಸ್‌ಕೇಕ್ ಅಂತ್ಲೇ ಎಲ್ರೂ ಮಾಡ್ತಿರೋ ಯೋಗರ್ಟ್ ಚೀಸ್‌ಕೇಕ್ ಹಿಡ್ಕೊಂಡೆ. ಗಟ್ಟಿ ಮೊಸರಿಗೆ ಬಿಸ್ಕೆಟ್ ಚುಚ್ಚಿ ರಾತ್ರಿಯೆಲ್ಲ ಫ್ರಿಜ್ಜಲ್ಲಿಡೋದು, ಅಷ್ಟೇ.

ಡಬ್ಬದ ಗ್ರೀಕ್ ಯೋಗರ್ಟಲ್ಲಿ, ಅಂದ್ರೆ ನೀರು ಸೋಸಿದ ಗಟ್ಟಿ ಮೊಸರಲ್ಲಿ, ತಕರಾರೇ ಇಲ್ಲ. ಆರು ಮಾರಿ ಬಿಸ್ಕೆಟ್ ನೆಟ್ಟಗೆ ನಿಲ್ಸಿ ಒತ್ತಿದೆ, ಬೆಳಿಗ್ಗೆ ಚಮಚ ಹಾಕಿದ್ರೆ ಬಿಸ್ಕೆಟ್ ಎಲ್ಲಿ ಮುಗೀತು ಮೊಸರು ಎಲ್ಲಿ ಶುರು ಅಂತ ಗೊತ್ತಾಗಲ್ಲ, ಸೇಮ್ ಕೇಕಿನ ಹಾಗೆ. ಆದ್ರೆ ಆ ಚಿಕ್ಕ ಡಬ್ಬದ ದುಡ್ಡಲ್ಲಿ ಎಷ್ಟು ಹಾಲು ಬರತ್ತೆ ಅಂತ ಲೆಕ್ಕ ಹಾಕಿ ಹೊಟ್ಟೆ ಉರೀತು.

ಸರಿ, ಮನೆ ಮೊಸರೇ ಕಟ್ಟೋಣ ಅಂದೆ. ಒಂದು ಲೀಟರ್ ಹಾಲು ಕಾಯ್ಸಿ, ಆರ್ಸಿ, ಫ್ರಿಜ್ಜಲ್ಲಿಟ್ಟು ಕೆನೆ ಪೂರ್ತಿ ತೆಗ್ದು ಹೆಪ್ಪು ಹಾಕ್ದೆ. ಮೊಸರನ್ನ ಪಂಚೆ ಬಟ್ಟೆಲಿ ಕಟ್ಟಿ ರಾತ್ರಿಯಿಡೀ ನೇತು ಹಾಕಿದ್ದು, ಅಲ್ಲೇ ತಪ್ಪಾಗಿದ್ದು. ಬೆಳಿಗ್ಗೆ ಅದು ಬೆಣ್ಣೆಯಷ್ಟು ಗಟ್ಟಿ, ಹುಳಿ ಬೇರೆ, ಮೇ ತಿಂಗಳ ಸೆಕೆಗೆ ಇನ್ನೇನಾಗತ್ತೆ. ಬಿಸ್ಕೆಟ್ ಚುಚ್ಚಿ ಒಂದಿನ ಬಿಟ್ಟು ನೋಡಿದ್ರೆ ನಡುವೆ ಇನ್ನೂ ಕಟುಕುಟು ಅಂತಿದೆ! ಬಿಸ್ಕೆಟ್ ಮೆತ್ತಗಾಗೋದು ಮೊಸರಿನ ನೀರು ಕುಡ್ದು ಅಲ್ವಾ, ನೀರನ್ನೆಲ್ಲ ನಾನೇ ಸೋಸಿಬಿಟ್ಟಿದ್ದೆ. ಆಯಿ ಒಂದು ಚಮಚ ತಿಂದು, "ಶ್ರೀಖಂಡಕ್ಕೆ ಬಿಸ್ಕೀಟು ಹಾಕಿರೆ ಜಪಾನಿಂದು ಆಗ್ತಾ ತಮಾ?" ಅಂದ್ಳು.

ಮುಂದಿನ ಸಲ ಜರಡಿ ಮೇಲೆ ಬಟ್ಟೆ ಹಾಸಿ ಫ್ರಿಜ್ಜೊಳಗೇ ಮೂರು ತಾಸು ಮಾತ್ರ ಇಟ್ಟೆ. ದೋಸೆ ಹಿಟ್ಟಿಗಿಂತ ಗಟ್ಟಿ, ಶ್ರೀಖಂಡಕ್ಕಿಂತ ತೆಳು, ಚಮಚ ಎತ್ತಿದ್ರೆ ಜಾರಿ ಬೀಳ್ಬೇಕು ಆದ್ರೆ ಸುರೀಬಾರ್ದು. ಆ ಹದಕ್ಕೆ ಬಿಸ್ಕೆಟ್ ಒಳಗಿನವರೆಗೂ ನೆನೀತು. ಲೀಟರ್ ಹಾಲಲ್ಲಿ ಪ್ರೋಟೀನ್ 32 ಗ್ರಾಂ ಹತ್ರ ಇರತ್ತೆ, ಸೋಸಿದ ನೀರಲ್ಲಿ ಸ್ವಲ್ಪ ಹೋಗತ್ತೆ, ಇಬ್ರು ಹಂಚ್ಕೊಂಡ್ರೂ ಒಬ್ಬೊಬ್ರಿಗೆ 14-15 ಗ್ರಾಂಗೆ ಮೋಸ ಇಲ್ಲ. ಸಕ್ಕರೆ ಹಾಕ್ಲಿಲ್ಲ, ತಿನ್ನೋವಾಗ ಮೇಲೆ ಜೋನಿ ಬೆಲ್ಲ (ನೀರು ಬೆಲ್ಲ) ಒಂದು ಚಮಚ. ಮೊದ್ಲೇ ಕಲಸಿದ್ರೆ ಮೊಸರು ನೀರಾಗತ್ತೆ, ಅದೂ ಮಾಡಿ ನೋಡಿ ಆಗಿದೆ.

ಮೂರನೇದು ಚೈನಾ ಗ್ರಾಸ್ ಹಾಕಿ, ಅಂದ್ರೆ ಕಡಲಪಾಚಿಯಿಂದ ಮಾಡೋ ಅಗರ್ ಅಗರ್. ಬೇಯಿಸದೆ ಸೆಟ್ ಮಾಡೋದನ್ನ ಜಪಾನಲ್ಲಿ ರೇರ್ ಚೀಸ್‌ಕೇಕ್ ಅಂತಾರೆ, ಅಲ್ಲಿ ಜೆಲಟಿನ್ ಹಾಕೋದು ಜಾಸ್ತಿ, ಅದು ಪ್ರಾಣಿಗಳ ಚರ್ಮ-ಮೂಳೆಯಿಂದ ಮಾಡೋದು, ನಮಗೆ ಆಗಲ್ಲ. ಚೈನಾ ಗ್ರಾಸ್ ಪೌಡರ್ ಹಾಲಲ್ಲಿ ಕುದಿಸಿ ಫ್ರಿಜ್ಜಿಂದ ತೆಗ್ದ ಮೊಸರಿಗೆ ಹೊಯ್ದೆ, ಹೊಯ್ತಿದ್ದ ಹಾಗೇ ಶಾವಿಗೆ ಥರ ಎಳೆ ಎಳೆ! ತಣ್ಣಗಾದ ಕೂಡ್ಲೇ ಹೆಪ್ಪುಗಟ್ಟೋ ಜಾತಿ ಅದು. ಮೊಸರನ್ನ ಹೊರಗಿಟ್ಟು ತಣುಪು ಬಿಟ್ಟ ಮೇಲೆ ಕಲಸಿದಾಗ ಸರಿ ಬಂತು. ಕತ್ತರಿಸಿದ್ರೆ ನೀಟಾದ ಪೀಸು, ಸೆಕೇಲಿ ಹೊರಗಿಟ್ರೂ ಕರಗಲ್ಲ, ಮೇಲೆ ಮುರುಗಲು (ಕೋಕಂ) ಸಿರಪ್ ಹಾಕಿದ್ರೆ ನೋಡೋಕೆ ಭಾರೀ ಚಂದ. ಬಾಯಲ್ಲಿ ಮಾತ್ರ ಪುಡುಕ್ ಅಂತ ಮುರಿಯತ್ತೆ, ಆ ಕೆನೆಯಂಥ ಮೆತ್ತಗೆ ಇಲ್ಲ. ನೆಂಟ್ರು ಬಂದ್ರೆ ಇದು, ನಂಗೆ ಅಂತ ಮಾಡ್ಕೊಳ್ಳೋದಾದ್ರೆ ಮೂರು ತಾಸಿನ ಮೊಸರೇ.

ಸೋಸಿದ ನೀರು ಚೆಲ್ಲೋಕೆ ಹೋಗಿ ಬೈಸ್ಕೊಂಡೆ. ಆಯಿ ಅದ್ರಲ್ಲೇ ಚಪಾತಿ ಹಿಟ್ಟು ಕಲಸಿದ್ಳು.