"ಇದು ನಿಜವಾದದ್ದಾ?": ಲಂಡನ್, ಟ್ರಿಂಗ್, ಆಕ್ಸ್‌ಫರ್ಡ್‌ನ ಮೂರು ಪ್ರಾಣಿ ಮ್ಯೂಸಿಯಂಗಳು

ಮೈಸೂರಿನಿಂದ ಅಪ್ಪ ಬಂದಿದ್ದ ಬೇಸಿಗೆಯಲ್ಲಿ ಮೂರು ಶನಿವಾರ ಮೂರು ಮ್ಯೂಸಿಯಂಗಳಿಗೆ ಹೋಗಿದ್ದೆವು. ಮೂರಕ್ಕೂ ಪ್ರವೇಶ ಉಚಿತ. ಏಳು ವರ್ಷದ ಮಗಳು ಪ್ರತಿ ಗಾಜಿನ ಬೀರುವಿನ ಮುಂದೆಯೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ತಾತ, ಇದು ನಿಜವಾದದ್ದಾ?" ಕೊನೆಗೆ ನಾನೂ ಅದನ್ನೇ ಒರೆಗಲ್ಲು ಮಾಡಿಕೊಂಡೆ.

ಮೊದಲು ಹೋದದ್ದು ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ಗೆ. 1881ರಲ್ಲಿ ತೆರೆದ ಈ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಹೋದರೆ ಒಳಗೆ ಕಾಲಿಡುವ ಮುಂಚೆ ಹೊರಗೋಡೆ ನೋಡಿ. ಸುಟ್ಟ ಮಣ್ಣಿನ ಪ್ರಾಣಿಗಳಲ್ಲಿ ಪಶ್ಚಿಮದ ಕಡೆಯವು ಇನ್ನೂ ಭೂಮಿಯ ಮೇಲಿರುವವು, ಪೂರ್ವದ ಕಡೆಯವು ಅಳಿದುಹೋದವು. ಈ ಮ್ಯೂಸಿಯಂ ಕಟ್ಟಿಸಲು ಹೋರಾಡಿದ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವನ್ ಬಯಸಿದ್ದೇ ಹಾಗೆ. ನಡುಹಜಾರದಲ್ಲಿ ತೂಗುವ ನೀಲಿ ತಿಮಿಂಗಿಲ 'ಹೋಪ್' 25.2 ಮೀಟರ್ ಉದ್ದ. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಬಳಿ ದಡಕ್ಕೆ ಸಿಕ್ಕಿಬಿದ್ದ ಪ್ರಾಣಿಯ ಅಸಲಿ ಮೂಳೆಗಳವು. 2017ರ ಆರಂಭದವರೆಗೆ ಅದೇ ಹಜಾರದಲ್ಲಿ ನಿಂತಿದ್ದ ಡೈನೊಸಾರ್ 'ಡಿಪ್ಪಿ' ಮಾತ್ರ ಪ್ಲಾಸ್ಟರಿನ ಅಚ್ಚು. ನನ್ನ ಮೆಚ್ಚಿನದು ಇವೆರಡೂ ಅಲ್ಲ, ಒಂದು ಮೂಳೆಯ ತುಂಡು. ಓವನ್ 1839ರಲ್ಲಿ ಆ ಚೂರನ್ನು ನೋಡಿಯೇ ನ್ಯೂಜಿಲೆಂಡಿನಲ್ಲಿ ಹಾರಲಾರದ ದೈತ್ಯ ಹಕ್ಕಿಯೊಂದು ಇತ್ತು ಎಂದು ಹೇಳಿದ್ದರು. ಮುಂದೆ ಆ ಹಕ್ಕಿಯ, ಅಂದರೆ ಈಗ ಅಳಿದುಹೋಗಿರುವ ಮೋವಾದ, ಮೂಳೆಗಳು ರಾಶಿಯಾಗಿ ಸಿಕ್ಕವು. ಮಗಳಿಗೆ ಆ ಚೂರಿನಲ್ಲಿ ಏನೂ ಕಾಣಲಿಲ್ಲ. ಅವಳು ತಿಮಿಂಗಿಲದ ಕೆಳಗೇ ಅಂಗಾತ ಮಲಗಿಬಿಟ್ಟಳು.

ಟ್ರಿಂಗ್ ಬೇರೆಯೇ ಲೋಕ. ಲಂಡನ್ನಿನ ಯೂಸ್ಟನ್ ಸ್ಟೇಷನ್ನಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ಸ್ಟೇಷನ್ನಿನಿಂದ ಊರು ಎರಡು ಮೈಲಿ, ಹಿರಿಯರಿದ್ದರೆ ಬಸ್ಸು ಹಿಡಿಯಿರಿ. ಬ್ಯಾಂಕಿಂಗ್ ಮನೆತನದ ವಾಲ್ಟರ್ ರಾತ್ಸ್‌ಚೈಲ್ಡ್‌ಗೆ ಇಪ್ಪತ್ತೊಂದು ತುಂಬಿದ್ದಕ್ಕೆ ತಂದೆ ಕಟ್ಟಿಸಿಕೊಟ್ಟ ಮ್ಯೂಸಿಯಂ ಇದು, 1892ರಿಂದ ಜನರಿಗೆ ತೆರೆದಿದೆ. ಜೀಬ್ರಾಗಳನ್ನು ಗಾಡಿಗೆ ಕಟ್ಟಿ ಬಕಿಂಗ್‌ಹ್ಯಾಮ್ ಅರಮನೆಗೆ ಹೋಗಿದ್ದ ಮನುಷ್ಯ ಈತ. ನೆಲದಿಂದ ಸೂರಿನವರೆಗೂ ಬೀರುಗಳು, ಅವುಗಳಲ್ಲಿ ಒತ್ತೊತ್ತಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಾಣಿಗಳು. ಜಾಗ ಸಾಲದೆ ಜೀಬ್ರಾಗಳನ್ನು ಕಾಲು ಮಡಿಸಿ ಕೂರಿಸಿದ್ದಾರೆ.

ಅಪ್ಪ ಇಲ್ಲಿ ಬೇರೆಯೇ ಮನುಷ್ಯರಾದರು. ರಾಜರೂ ಸಾಹೇಬರೂ ಹೊಡೆದ ಹುಲಿ, ಚಿರತೆಗಳ ತೊಗಲು ಹದಮಾಡಿ ಜೀವಕಳೆ ತರುತ್ತಿದ್ದ ವ್ಯಾನ್ ಇಂಗೆನ್ ಕಾರ್ಖಾನೆ ಇದ್ದದ್ದು ನಮ್ಮ ಮೈಸೂರಿನಲ್ಲೇ. ಆ ಹುಲಿಮುಖಗಳನ್ನು ಹುಡುಗನಾಗಿದ್ದಾಗಲೇ ನೋಡಿದ್ದ ಅಪ್ಪ, ಇಲ್ಲಿ ಬಗ್ಗಿ ಬಗ್ಗಿ ಹೊಲಿಗೆ ಎಲ್ಲಿದೆ, ತುಟಿಯ ಅಂಚು ಹೇಗೆ ಕೂತಿದೆ ಎಂದು ಹುಡುಕುತ್ತಿದ್ದರು. "ಕಣ್ಣು ಗಾಜಿಂದು ಪುಟ್ಟಿ, ಮೈಮೇಲಿನ ಕೂದಲು ಮಾತ್ರ ಅದರದ್ದೇ" ಎಂದರು.

ದಕ್ಷಿಣ ಆಫ್ರಿಕಾದಿಂದ ಅಳಿದುಹೋದ ಜೀಬ್ರಾ ಬಗೆಯ ಕ್ವಾಗಾ ಮುಂದೆ ಅಪ್ಪ, ಮಗಳು ಇಬ್ಬರೂ ನಿಂತುಬಿಟ್ಟರು. ಕತ್ತಿನವರೆಗೆ ಜೀಬ್ರಾದ ಪಟ್ಟೆ, ಆಮೇಲೆ ಪಟ್ಟೆ ಮಾಸುತ್ತಾ ಬಂದು ಕಂದು ಕುದುರೆಯಂಥ ಬೆನ್ನು. ಕೊನೆಯದು ಆಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ 1883ರ ಆಗಸ್ಟ್ 12ರಂದು ಸತ್ತಿತು. ಥೈಲಸೀನ್ ಕೂಡ ಇಲ್ಲಿದೆ, ಬೆನ್ನ ಮೇಲೆ ಪಟ್ಟೆಗಳಿರುವ, ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದ 'ಹುಲಿ'. ಅದನ್ನು ಕೊಲ್ಲಬಾರದೆಂದು ಕಾನೂನು ಬಂದದ್ದು 1936ರ ಜುಲೈನಲ್ಲಿ. ನಮಗೆ ಗೊತ್ತಿರುವ ಕೊನೆಯ ಥೈಲಸೀನ್ ಅಲ್ಲಿನ ಹೋಬಾರ್ಟ್ ನಗರದ ಮೃಗಾಲಯದಲ್ಲಿ ಸತ್ತದ್ದು ಅದೇ ವರ್ಷ ಸೆಪ್ಟೆಂಬರ್ 7ರಂದು. ಎರಡು ತಿಂಗಳೂ ತುಂಬಿರಲಿಲ್ಲ. ಅದನ್ನು ಮಗಳಿಗೆ ಹೇಳುವಾಗ ನನ್ನ ಗಂಟಲು ಕಟ್ಟಿತು.

ಇಲ್ಲೂ ಎಲ್ಲವೂ ಅಸಲಿಯಲ್ಲ. 2011ರಲ್ಲಿ ಕಳ್ಳರು ಇಲ್ಲಿನ ಘೇಂಡಾಮೃಗಗಳ ಕೊಂಬು ಮುರಿದುಕೊಂಡು ಹೋದರು. ಅಸಲಿ ಕೊಂಬುಗಳನ್ನು ಅಷ್ಟರಲ್ಲಾಗಲೇ ತೆಗೆದಿಟ್ಟು ನಕಲಿ ಜೋಡಿಸಲಾಗಿತ್ತು.

ಆಕ್ಸ್‌ಫರ್ಡ್ ಯೂನಿವರ್ಸಿಟಿ ಮ್ಯೂಸಿಯಂಗೆ ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿನಿಂದ ಸುಮಾರು ಒಂದು ಗಂಟೆಯ ರೈಲು. ಗಾಜಿನ ಸೂರು, ಕಬ್ಬಿಣದ ಕಮಾನುಗಳು, ಮನೆಯಂಗಳದಷ್ಟು ಬೆಳಕು. ಅಲ್ಲಿಗೆ ಹೋಗುವುದೇ ಡೋಡೊಗಾಗಿ, ಮಾರಿಷಸ್‌ನಿಂದ ಅಳಿದುಹೋದ ಹಾರಲಾರದ ಹಕ್ಕಿಗಾಗಿ. ಜಗತ್ತಿನಲ್ಲಿ ಡೋಡೊದ ಚರ್ಮ ಉಳಿದಿರುವುದು ಆಕ್ಸ್‌ಫರ್ಡಿನಲ್ಲಿರುವ ಒಂದು ತಲೆಯಲ್ಲಿ ಮಾತ್ರ. ಗರಿ ತುಂಬಿದ ಡೋಡೊ ಎಲ್ಲೇ ಕಂಡರೂ ಅದು ಬೇರೆ ಹಕ್ಕಿಗಳ ಗರಿ ಅಂಟಿಸಿ ಮಾಡಿದ ಬೊಂಬೆಯೇ. ಆ ತಲೆಯೂ ಭದ್ರವಾಗಿ ಒಳಗಿದೆ, ನಮಗೆ ಕಾಣುವುದು ಅದರ ಅಚ್ಚು. 2018ರಲ್ಲಿ ಸ್ಕ್ಯಾನ್ ಮಾಡಿದಾಗ ತಲೆಬುರುಡೆಯಲ್ಲಿ ಸೀಸದ ಚರೆಗಳು ಸಿಕ್ಕವು: ಹಕ್ಕಿಯನ್ನು ಹಿಂದಿನಿಂದ ಗುಂಡಿಟ್ಟು ಕೊಂದಿದ್ದರು. ಅಚ್ಚಿನ ಮುಂದೆ ನಿಂತು ಇದನ್ನು ಹೇಳಿದರೆ ಮಗಳು "ಹಾಗಾದ್ರೆ ನಿಜವಾದದ್ದು ಬೇಡ, ಅದು ಮಲ್ಕೊಳ್ಳಲಿ" ಎಂದಳು.

ಮಕ್ಕಳು ತೀರಾ ಚಿಕ್ಕವರಾದರೆ ಸೌತ್ ಕೆನ್ಸಿಂಗ್ಟನ್, ತಿಮಿಂಗಿಲವೊಂದೇ ಸಾಕು. ಅರ್ಧ ದಿನವಷ್ಟೇ ಇದ್ದು ಒಂದೇ ಹಜಾರದಲ್ಲಿ ಎಲ್ಲ ನೋಡಬೇಕೆಂದರೆ ಆಕ್ಸ್‌ಫರ್ಡ್. ಆದರೆ ಅಳಿದುಹೋದ ಪ್ರಾಣಿಯನ್ನು ಒಂದು ಮೊಳ ದೂರದಿಂದ, ಮೈಮೇಲಿನ ಕೂದಲು ಕಾಣುವಷ್ಟು ಹತ್ತಿರದಿಂದ ನೋಡಬೇಕೆಂದರೆ ನಾನು ಟ್ರಿಂಗ್ ಅಂತಲೇ ಹೇಳುವುದು. ಅಪ್ಪ ಮುಂದಿನ ವರ್ಷ ಮತ್ತೆ ಬರುತ್ತಾರೆ. ಕ್ವಾಗಾದ ಮುಂದೆ ಇನ್ನೂ ಅರ್ಧ ಗಂಟೆ ನಿಲ್ಲಬೇಕಂತೆ ಅವರಿಗೆ.