ಶೋರೂಮ್ ಸಾಲವೋ, ಬ್ಯಾಂಕ್ ಸಾಲವೋ: ಗಂಗಾವತಿ ಮಿಲ್ಲಿನವನ ಲೆಕ್ಕ

ನಮ್ಮ ಕಡೆ ಬಡ್ಡಿಯನ್ನು ಪರ್ಸೆಂಟ್‌ನಲ್ಲಿ ಕೇಳುವವರು ಕಡಿಮೆ. ‘ಎಷ್ಟು ರೂಪಾಯಿ ಬಡ್ಡಿ?’ ಅಂತ ಕೇಳುತ್ತಾರೆ. ಒಂದೂವರೆ ರೂಪಾಯಿ ಅಂದರೆ ತಿಂಗಳಿಗೆ ನೂರಕ್ಕೆ ಒಂದೂವರೆ, ವರ್ಷಕ್ಕೆ 18. ಎರಡು ರೂಪಾಯಿ ಅಂದರೆ ವರ್ಷಕ್ಕೆ 24. ಭತ್ತದ ವ್ಯಾಪಾರದಲ್ಲಿ ಕೈಸಾಲ ಓಡಾಡುವುದೇ ಈ ದರದಲ್ಲಿ. ಹಾಗಾಗಿ ಶೋರೂಮಿನಲ್ಲಿ ‘9 ಪರ್ಸೆಂಟ್ ಸರ್’ ಅಂದಾಗ ನಮ್ಮಂಥವರಿಗೆ ಅದು ಮುಕ್ಕಾಲು ರೂಪಾಯಿ ಬಡ್ಡಿಯಾಗಿ ಕೇಳಿಸುತ್ತದೆ. ಪುಕ್ಕಟೆ ಸಿಕ್ಕ ಹಾಗೆ ಅನಿಸುತ್ತದೆ. ಅಲ್ಲಿಂದ ಮುಂದೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ನಾನು ಕೇಳಿದೆ. ಮನೆಯಲ್ಲಿ ಎರಡು ಥರದ ಸಾಲ ಕಟ್ಟಿ ನೋಡಿದ್ದೇವೆ. ಹಿಂದಿನ ಕಾರಿಗೆ ತಮ್ಮ ತೆಗೆದದ್ದು ಕಾರು ಕಂಪನಿಯದೇ ಫೈನಾನ್ಸ್ ವಿಭಾಗದ ಬಲೂನ್ ಸಾಲ, ಅಂದರೆ ಕಂತು ಸಣ್ಣದು, ಕೊನೆಗೆ ಒಂದು ದೊಡ್ಡ ಮೊತ್ತ. ಈ ಸಲ ನಾನು ತೆಗೆದದ್ದು ಸರ್ಕಾರಿ ಬ್ಯಾಂಕಿನ ಮಾಮೂಲಿ ಸಾಲ. ನಡುವೆ ಇನ್ನೂ ಕೆಲವು ಕೊಟೇಶನ್ ತರಿಸಿ, ನಮ್ಮ ಅಕ್ಕಿ ಮಿಲ್ಲಿನ ಅಕೌಂಟೆಂಟ್ ಜೊತೆ ಕೂತು ಲೆಕ್ಕ ಹಾಕಿದ್ದೇನೆ.

ಮೊದಲು ಕಾರು. ಬಿಎಂಡಬ್ಲ್ಯು ಎಂ340ಐ. ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, 374 ಕುದುರೆ ಶಕ್ತಿ, 500 ನ್ಯೂಟನ್ ಮೀಟರ್ ಟಾರ್ಕ್. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 4.4 ಸೆಕೆಂಡ್. ಚೆನ್ನೈನಲ್ಲಿ ಜೋಡಿಸುವುದರಿಂದ ಪೂರ್ತಿ ಆಮದಾಗಿ ಬರುವ ಬಿಎಂಡಬ್ಲ್ಯುದ ಎಂ ಸರಣಿಯ ಕಾರುಗಳಿಗಿಂತ ಬೆಲೆ ಎಷ್ಟೋ ಕಡಿಮೆ. ಸುಗ್ಗಿ ಟೈಮಲ್ಲಿ ಗಂಗಾವತಿ–ಹೊಸಪೇಟೆ ರಸ್ತೆಯಲ್ಲಿ ಕೊಯ್ಲಿನ ಯಂತ್ರದ ಹಿಂದೆ ಇಪ್ಪತ್ತರ ಸ್ಪೀಡಲ್ಲಿ ಹೋಗಲು ಇಷ್ಟೆಲ್ಲ ಯಾಕೆ ಅಂತ ನಮ್ಮಪ್ಪ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆಸೆ, ಅಷ್ಟೇ.

ಎಕ್ಸ್‌ಶೋರೂಮ್ ಬೆಲೆ ಸುಮಾರು 75 ಲಕ್ಷ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲೆ ಸೆಸ್ ಹೋಗಿ 40% ಜಿಎಸ್‌ಟಿ ಬಂದಿದೆ. ಅದು ಈ ಬೆಲೆಯ ಒಳಗೇ ಇದೆ. 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ರಸ್ತೆ ತೆರಿಗೆ 18%, ಅದರ ಮೇಲೆ ಸೆಸ್. ಅಲ್ಲಿಗೆ 13.5 ಲಕ್ಷಕ್ಕೂ ಜಾಸ್ತಿ. ಇನ್ಶುರೆನ್ಸ್ ಸೇರಿ ಕೊಪ್ಪಳದ ಕೆಎ-37 ನಂಬರ್ ಪ್ಲೇಟ್ ಬೀಳುವ ಹೊತ್ತಿಗೆ 90 ಲಕ್ಷ ದಾಟುತ್ತದೆ. 10 ಲಕ್ಷ ಮೀರಿದ ಕಾರಿಗೆ 1% ಟಿಸಿಎಸ್, ಅಂದರೆ ಮಾರುವವರೇ ಮುಂಚಿತವಾಗಿ ವಸೂಲು ಮಾಡುವ ಆದಾಯ ತೆರಿಗೆ, ಬೇರೆ ಹಿಡಿಯುತ್ತಾರೆ. ಅದು ಖರ್ಚಲ್ಲ, ರಿಟರ್ನ್ಸ್ ಹಾಕುವಾಗ ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಆದರೆ ಕಾರಿನ ಹಣ ಕಟ್ಟುವ ದಿನ ಆ 75 ಸಾವಿರವೂ ಕೈಯಲ್ಲಿರಬೇಕು.

ಉಳಿದದ್ದು ಕೈಯಿಂದ ಹಾಕಿ, 50 ಲಕ್ಷ ಸಾಲ, ಐದು ವರ್ಷ ಅಂತ ಇಟ್ಟುಕೊಂಡು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದೆ.

ಬ್ಯಾಂಕಿನ ಮಾಮೂಲಿ ಸಾಲ, 9%, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ. ತಿಂಗಳ ಕಂತು ಸುಮಾರು 1,03,800. ಐದು ವರ್ಷದ ಬಡ್ಡಿ 12.27 ಲಕ್ಷ.

ಎರಡನೆಯದು ಒಬ್ಬ ಏಜೆಂಟ್ ತಂದ ‘ಫ್ಲಾಟ್ 5.5%’. ಕಿವಿಗೆ ಬಹಳ ಹಿತ. ಆದರೆ ಫ್ಲಾಟ್ ಅಂದರೆ ನೀವು ಅರ್ಧ ಸಾಲ ತೀರಿಸಿದ ಮೇಲೂ ಪೂರ್ತಿ 50 ಲಕ್ಷಕ್ಕೇ ಬಡ್ಡಿ. ವರ್ಷಕ್ಕೆ 2.75 ಲಕ್ಷದ ಹಾಗೆ ಐದು ವರ್ಷಕ್ಕೆ 13.75 ಲಕ್ಷ. ಕಂತು 1,06,250. ಬ್ಯಾಂಕಿನ ಭಾಷೆಯಲ್ಲಿ ಇದು ಸರಿಸುಮಾರು 10%. ಐದೂವರೆ ಅಂತ ಹೇಳಿಸಿಕೊಂಡು ಹತ್ತು ಕಟ್ಟುವುದು! ಇದನ್ನು ಅಲ್ಲಿಗೇ ಬಿಟ್ಟೆ.

ಮೂರನೆಯದು ಬಲೂನ್. ಶೋರೂಮಿನವರು ಮೊದಲು ತೆಗೆದು ಮುಂದಿಡುವುದು ಇದನ್ನೇ. 50 ಲಕ್ಷದಲ್ಲಿ 20 ಲಕ್ಷವನ್ನು ಕೊನೆಗೆ ತಳ್ಳುತ್ತಾರೆ. ಬಾಕಿ 30 ಲಕ್ಷ ಮಾತ್ರ ಕಂತಿನಲ್ಲಿ ಕರಗುತ್ತದೆ. ಅದೇ 9% ದರಕ್ಕೆ ಕಂತು 77,275ಕ್ಕೆ ಇಳಿಯುತ್ತದೆ. ತಿಂಗಳಿಗೆ 26 ಸಾವಿರ ಉಳಿಯಿತು ಅಂತ ಯಾರಿಗಾದರೂ ಖುಷಿ ಆಗುತ್ತದೆ. ಆದರೆ ಕೊನೆಗೆ ತಳ್ಳಿದ ಆ 20 ಲಕ್ಷಕ್ಕೆ ಅಷ್ಟೂ ವರ್ಷ ಬಡ್ಡಿ ಓಡುತ್ತಲೇ ಇರುತ್ತದೆ. ಒಟ್ಟು ಬಡ್ಡಿ 16.36 ಲಕ್ಷ. ಬ್ಯಾಂಕಿಗಿಂತ ನಾಲ್ಕು ಲಕ್ಷ ಜಾಸ್ತಿ. ಐದನೇ ವರ್ಷದ ಕೊನೆಗೆ ಒಂದೇ ಏಟಿಗೆ 20 ಲಕ್ಷ ಹೊಂದಿಸಬೇಕು. ಇಲ್ಲವೇ ಅದಕ್ಕೆ ಮತ್ತೊಂದು ಸಾಲ, ಇಲ್ಲವೇ ಕಾರು ಮಾರಾಟ.

ತಮ್ಮ ಕಟ್ಟಿದ್ದು ಇದೇ ಥರದ ಸಾಲ. ಅದರಿಂದ ಅವನಿಗೆ ತೊಂದರೆ ಆಗಲಿಲ್ಲ, ನಿಜ ಹೇಳಬೇಕಲ್ಲ. ಸಾಲ ಮಂಜೂರಾಗಿದ್ದು ಬಹಳ ಬೇಗ. ಶೋರೂಮಿನವರೇ ಕಾಗದ ಎಲ್ಲ ನೋಡಿಕೊಂಡರು, ಇವನು ಸಹಿ ಹಾಕಿದ ಅಷ್ಟೇ. ಆಗ ಕಾಲುವೆಗೆ ಎರಡೂ ಬೆಳೆಗೆ ನೀರು ಬಂದಿತ್ತು. ಮಿಲ್ಲು ನಡೆಯಿತು, ಕೊನೆಯ ದೊಡ್ಡ ಕಂತು ಸುಗ್ಗಿಯ ದುಡ್ಡಲ್ಲಿ ತೀರಿತು.

ನನ್ನ ಅನುಮಾನ ಶುರುವಾಗುವುದೇ ಇಲ್ಲಿಂದ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಕೊಂಡು ಹೋಯಿತು. ಆಮೇಲೆ 33 ಗೇಟುಗಳನ್ನೂ ಬದಲಿಸುವ ತೀರ್ಮಾನ ಆಯಿತು. ಆ ಕೆಲಸಕ್ಕಾಗಿ 2025–26ರಲ್ಲಿ ಎರಡನೇ ಬೆಳೆಗೆ ನೀರಿಲ್ಲ ಅಂತ ನೀರಾವರಿ ಸಲಹಾ ಸಮಿತಿ ಹೇಳಿತು. ಜಲಾಶಯದ ಎಡದಂಡೆ ಕಾಲುವೆಯ ಕಡೆ ಬೇಸಿಗೆ ಭತ್ತ ಇಲ್ಲ ಅಂದರೆ ಗಂಗಾವತಿ, ಕಾರಟಗಿ, ಸಿಂಧನೂರಿನ ಮಿಲ್ಲುಗಳಿಗೆ ಅರ್ಧ ವರ್ಷ ಕೆಲಸ ತೆಳು. ಸಂಬಳದವರಿಗೆ ತಿಂಗಳು ಅಂದರೆ ತಿಂಗಳು. ನಮಗೆ ವರ್ಷದಲ್ಲಿ ಎರಡೇ ತಿಂಗಳು ಇರುವುದು, ಸುಗ್ಗಿಯವು. ಅದರಲ್ಲಿ ಒಂದು ಹೋದರೆ?

ಹಾಗಾಗಿ ನಾನು ಬಡ್ಡಿ ದರವನ್ನು ಎರಡನೇ ಪ್ರಶ್ನೆ ಮಾಡಿಕೊಂಡೆ. ಮೊದಲ ಪ್ರಶ್ನೆ: ದುಡ್ಡು ಬಂದಾಗ ದೊಡ್ಡ ಮೊತ್ತ ಒಟ್ಟಿಗೆ ಕಟ್ಟಲು ಬಿಡುತ್ತಾರಾ? ಬರದೇ ಇದ್ದಾಗ ಕುತ್ತಿಗೆ ಹಿಡಿಯುತ್ತಾರಾ?

ಬಲೂನ್ ಸಾಲ ನೋಡಲು ಸುಗ್ಗಿಯವರಿಗೇ ಮಾಡಿಸಿದ ಹಾಗಿದೆ, ಕಂತು ಸಣ್ಣದು. ಆದರೆ ನನಗೆ ಕೊಟ್ಟ ಕೊಟೇಶನ್ ಸ್ಥಿರ ದರದ್ದು. ಮುಂಚೆ ತೀರಿಸಿದರೆ ಬಾಕಿಯ ಮೇಲೆ 5% ದಂಡ, ಅದಕ್ಕೆ 18% ಜಿಎಸ್‌ಟಿ. 30 ಲಕ್ಷ ಬಾಕಿ ಇದ್ದಾಗ ಮುಗಿಸುತ್ತೇನೆ ಅಂದರೆ 1.77 ಲಕ್ಷ ಸುಮ್ನೆ ಹೋಗುತ್ತದೆ. ಒಳ್ಳೆ ವರ್ಷ ಬಂದರೂ ಅದರ ಲಾಭ ನನಗಿಲ್ಲ. ಕೆಟ್ಟ ವರ್ಷ ಆ 20 ಲಕ್ಷದ ಗಡುವಿನ ಜೊತೆಗೇ ಬಂದರೆ ನಷ್ಟವೆಲ್ಲ ನನ್ನದು.

ಬ್ಯಾಂಕ್ ಸಾಲ ಫ್ಲೋಟಿಂಗ್ ದರದ್ದು, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರದ ಜೊತೆ ಏರಿಳಿಯುವಂಥದ್ದು. 2025ರಲ್ಲಿ ರೆಪೋ 6.5ರಿಂದ 5.25ಕ್ಕೆ ಇಳಿಯಿತು. ಅಂಥ ಇಳಿಕೆ ಫ್ಲೋಟಿಂಗ್ ಸಾಲಗಾರರಿಗೆ ದಕ್ಕುತ್ತದೆ. ಏರಿದರೆ ಏರಿಕೆಯೂ ನಮಗೇ ಬರುತ್ತದೆ, ಅದು ಬೇರೆ ಮಾತು. ನನಗೆ ಮುಖ್ಯವಾದದ್ದು ಇನ್ನೊಂದು. ವ್ಯಾಪಾರಕ್ಕಲ್ಲದೆ ವ್ಯಕ್ತಿಯ ಹೆಸರಲ್ಲಿ ತೆಗೆದ ಫ್ಲೋಟಿಂಗ್ ಸಾಲಕ್ಕೆ ಮುಂಗಡ ತೀರಿಕೆ ದಂಡ ಹಾಕಬಾರದು ಅಂತ ಆರ್‌ಬಿಐ ನಿಯಮ ಮೊದಲಿಂದ ಇದೆ. 2026ರ ಜನವರಿ 1ರಿಂದ ಮಂಜೂರಾದ ಸಾಲಗಳಿಗೆ ಇದನ್ನು ಇನ್ನೂ ಹಿಗ್ಗಿಸಿದ್ದಾರೆ. ವ್ಯಾಪಾರಕ್ಕೆ ತೆಗೆದ ವ್ಯಕ್ತಿಗಳಿಗೂ, ಸಣ್ಣ ಉದ್ಯಮಗಳಿಗೂ ವಾಣಿಜ್ಯ ಬ್ಯಾಂಕುಗಳು ಈ ದಂಡ ಹಾಕುವಂತಿಲ್ಲ. ಸುಗ್ಗಿಯಲ್ಲಿ ಐದು ಲಕ್ಷ ಉಳಿದರೆ ಹೋಗಿ ಕಟ್ಟಿ ಬರಬಹುದು. ಅಸಲು ಕರಗುತ್ತದೆ, ಬಡ್ಡಿ ತಾನಾಗಿಯೇ ಇಳಿಯುತ್ತದೆ.

ಬ್ಯಾಂಕಿನ ಕಿರಿಕಿರಿಯನ್ನೂ ಹೇಳಲೇಬೇಕು. ಮೂರು ವರ್ಷದ ಐಟಿ ರಿಟರ್ನ್ಸ್, ಜಿಎಸ್‌ಟಿ ರಿಟರ್ನ್ಸ್, ಮಿಲ್ಲಿನ ಬ್ಯಾಲೆನ್ಸ್ ಶೀಟ್ ಎಲ್ಲ ಕೇಳಿದರು. ಮೊತ್ತ ದೊಡ್ಡದು ಅಂತ ಫೈಲು ಶಾಖೆಯಿಂದ ಮೇಲಿನ ಕಚೇರಿಗೆ ಹೋಯಿತು, ಅಲ್ಲಿ ಮಲಗಿತು. ‘ಅಕ್ಕಿ ಮಿಲ್ಲಿನವರಿಗೆ ಇಂಥ ಕಾರು ಯಾಕೆ’ ಅನ್ನುವ ಮುಖಭಾವ ಉಚಿತ. ಅತ್ತ ಶೋರೂಮಿನವರು ‘ತಿಂಗಳ ಕೊನೆಗೆ ಆಫರ್ ಮುಗಿಯುತ್ತೆ ಸರ್’ ಅಂತ ದಿನಾ ಫೋನ್ ಮಾಡುತ್ತಿದ್ದರು. ಆಫರ್ ಮುಂದಿನ ತಿಂಗಳೂ ಇತ್ತು.

ಆಫರ್ ಅಂದೆನಲ್ಲ, ಅದರ ಲೆಕ್ಕವೂ ಸ್ವಾರಸ್ಯ. ಒಂದು ಕಡೆ ಹೀಗೆ ಹೇಳಿದರು: ಮೂರು ವರ್ಷಕ್ಕೆ 6% ವಿಶೇಷ ಬಡ್ಡಿ ತಗೊಳ್ಳಿ, ಇಲ್ಲವೇ ಬೆಲೆಯಲ್ಲಿ 3 ಲಕ್ಷ ಬಿಡುತ್ತೇವೆ, ಎರಡೂ ಸಿಗಲ್ಲ. ಆರು ಪರ್ಸೆಂಟ್ ಅಂದರೆ ಅರ್ಧ ರೂಪಾಯಿ ಬಡ್ಡಿ, ಯಾರು ಬಿಡುತ್ತಾರೆ? ಲೆಕ್ಕ ಹಾಕಿದರೆ, 50 ಲಕ್ಷಕ್ಕೆ 6% ದರದಲ್ಲಿ 36 ಕಂತಿಗೆ ಒಟ್ಟು 54.76 ಲಕ್ಷ. 3 ಲಕ್ಷ ಬಿಡಿಸಿಕೊಂಡು 47 ಲಕ್ಷವನ್ನು ಬ್ಯಾಂಕಿನಲ್ಲಿ 9%ಗೆ ತೆಗೆದರೆ 53.80 ಲಕ್ಷ. ದುಬಾರಿ ಬಡ್ಡಿಯೇ 95 ಸಾವಿರ ಅಗ್ಗ! ರಿಯಾಯಿತಿ ಎರಡೇ ಲಕ್ಷ ಆಗಿದ್ದರೆ ಉತ್ತರ ತಿರುಗುತ್ತಿತ್ತು. ಅದಕ್ಕೇ ಕ್ಯಾಲ್ಕುಲೇಟರ್ ಇಲ್ಲದೆ ಆ ಟೇಬಲ್ ಮುಂದೆ ಕೂರಬೇಡಿ. ಇನ್ನೊಂದು ವಿಷಯ, ಎಲ್ಲ ಕಾರಿಗೂ ಈ ಚೌಕಾಶಿ ನಡೆಯುವುದಿಲ್ಲ. 2025ರ ಅಕ್ಟೋಬರಿನಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ದೇಶಕ್ಕೆಲ್ಲ 100 ಮಾತ್ರ, 49.99 ಲಕ್ಷ, ಎಲ್ಲ ಖಾಲಿ. ಅಂಥದ್ದಕ್ಕೆ ಬೆಲೆಯಲ್ಲಿ ಬಿಡು ಅಂದರೆ ನಗುತ್ತಾರೆ. ಅಲ್ಲಿ ಬಡ್ಡಿ ಮತ್ತು ಇನ್ಶುರೆನ್ಸ್ ಮಾತ್ರ ನಿಮ್ಮ ಕೈಯಲ್ಲಿರುವುದು.

ಇನ್ಶುರೆನ್ಸ್ ವಿಷಯದಲ್ಲಿ ನನಗೆ ಇನ್ನೂ ಸಿಟ್ಟಿದೆ. ಒಂದು ಶೋರೂಮಿನ ಕೊಟೇಶನ್‌ನಲ್ಲಿ ಸಾಲದ ಮೊತ್ತ ನಾನು ಕೇಳಿದ್ದಕ್ಕಿಂತ ಜಾಸ್ತಿ ಇತ್ತು. ಕೆದಕಿದರೆ, ಸಾಲ ತೀರುವ ಮೊದಲು ನಾನು ಸತ್ತರೆ ಅಂತ ಒಂದು ಜೀವ ವಿಮೆ ಒಳಗೆ ಸೇರಿಸಿದ್ದರು. ನನ್ನನ್ನು ಕೇಳಿರಲಿಲ್ಲ. ಅದರ ಪ್ರೀಮಿಯಂ ಕೂಡ ಸಾಲದ ಲೆಕ್ಕಕ್ಕೇ, ಅದಕ್ಕೂ ಐದು ವರ್ಷ ಬಡ್ಡಿ. ‘ಕಂಪಲ್ಸರಿ ಸರ್’ ಅಂದರು. ಬರೆದುಕೊಡಿ ಅಂದೆ. ತೆಗೆದುಹಾಕಿದರು. ಇಂಥದ್ದಕ್ಕೆ ಒಳ್ಳೆಯ ಮದ್ದು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್. 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಗಳಿಗೆ ಇದನ್ನು ಕೊಡಲೇಬೇಕು. ಪ್ರೊಸೆಸಿಂಗ್ ಫೀ, ವಿಮೆ ಇತ್ಯಾದಿ ಎಲ್ಲ ಸೇರಿಸಿ ವಾರ್ಷಿಕ ನಿಜ ದರ ಎಷ್ಟು ಅಂತ ಅದರಲ್ಲಿ ಒಂದೇ ಅಂಕಿ ಇರುತ್ತದೆ. ಫ್ಲಾಟ್ ದರ, ಒಳಗೆ ಸೇರಿಸಿದ ಫೀ, ವಿಮೆ, ಯಾವ ವೇಷದಲ್ಲಿ ಬಂದರೂ ಆ ಅಂಕಿಯಲ್ಲಿ ಬಣ್ಣ ಬಯಲಾಗುತ್ತದೆ. ಬುಕಿಂಗ್ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ.

ಬಲೂನ್ ಜೊತೆಗೆ ‘ಗ್ಯಾರಂಟಿ ಬೈಬ್ಯಾಕ್’ ಕೂಡ ಇಟ್ಟರು. ಕೊನೆಗೆ ಕಾರು ವಾಪಸ್ ಕೊಟ್ಟರೆ ಆ 20 ಲಕ್ಷ ಮನ್ನಾ. ಷರತ್ತು ಓದಿದೆ: ವರ್ಷಕ್ಕೆ ಇಷ್ಟೇ ಕಿಲೋಮೀಟರ್, ಬಾಡಿ ಮೇಲೆ ಗೀರು ಇರಬಾರದು, ಸರ್ವಿಸ್ ಎಲ್ಲ ಅವರಲ್ಲೇ. ಬೆಂಗಳೂರಿನಲ್ಲಿ ಮನೆ ಇರುವವರಿಗೆ ಸರಿ. ಗಂಗಾವತಿಯಿಂದ ಬೆಂಗಳೂರಿಗೆ ಸರ್ವಿಸ್‌ಗೆ ಹೋಗಿ ಬಂದರೇ 700 ಕಿಲೋಮೀಟರ್ ದಾಟುತ್ತದೆ. ಹೊಸಪೇಟೆ ದಾಟಿದರೆ ಅದಿರಿನ ಲಾರಿಗಳು, ಅವುಗಳ ಚಕ್ರದಿಂದ ಸಿಡಿಯುವ ಕಲ್ಲು. ಗೀರಿಲ್ಲದ ಬಾನೆಟ್ ನಮ್ಮ ಕಡೆ ಯಾರ ಹತ್ತಿರ ಇದೆ ಹೇಳಿ?

ಮಿಲ್ಲಿನ ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆಯಿಂದಲೇ ಎತ್ತಿಬಿಡು ಅಂದವರೂ ಇದ್ದರು. ಬೇಡ. ಆ ಲಿಮಿಟ್ ಕೊಟ್ಟಿರುವುದು ಭತ್ತದ ದಾಸ್ತಾನಿಗೆ. ಅದರಲ್ಲಿ ಕಾರು ತೆಗೆದರೆ ಬ್ಯಾಂಕ್ ಅದನ್ನು ಹಣದ ದಿಕ್ಕು ತಪ್ಪಿಸಿದ್ದು ಅಂತ ನೋಡುತ್ತದೆ. ಜೊತೆಗೆ ಸುಗ್ಗಿಯಲ್ಲಿ ಭತ್ತ ಕೊಳ್ಳಲು ದುಡ್ಡು ಇರುವುದಿಲ್ಲ.

ಮಿಲ್ಲಿನ ಹೆಸರಲ್ಲಿ ಕೊಂಡರೆ ಬಡ್ಡಿಯನ್ನೂ, ವರ್ಷಕ್ಕೆ 15% ಸವಕಳಿಯನ್ನೂ ಖರ್ಚಿಗೆ ಹಾಕಬಹುದು. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಸವಕಳಿ ಅರ್ಧವೇ. ಜಿಎಸ್‌ಟಿ ಮಾತ್ರ ವಾಪಸ್ ಬರಲ್ಲ. ‘ಕಂಪನಿ ಹೆಸರಲ್ಲಿ ತಗೊಳ್ಳಿ, 40% ವಾಪಸ್’ ಅಂತ ಒಬ್ಬ ಸೇಲ್ಸ್ ಹುಡುಗ ನನಗೆ ಹೇಳಿದ. ಇಂಥ ಕಾರಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಹೊಂದಿಸಿಕೊಳ್ಳುವುದು, ಕಾನೂನಲ್ಲೇ ಇಲ್ಲ. ನಾನು ನನ್ನ ಹೆಸರಲ್ಲೇ ತೆಗೆದುಕೊಂಡೆ. ಭಾನುವಾರ ಆನೆಗೊಂದಿ ಕಡೆ ಓಡಿಸುವ ಕಾರನ್ನು ಮಿಲ್ಲಿನ ಖರ್ಚು ಅಂತ ಬರೆಯಲು ಅಕೌಂಟೆಂಟ್ ಒಪ್ಪಲೂ ಇಲ್ಲ.

ಬಲೂನ್ ಸಾಲ ಯಾರಿಗೂ ಬೇಡ ಅಂತ ಹೇಳುತ್ತಿಲ್ಲ. ರಾಯಚೂರಿನಲ್ಲಿ ನನ್ನ ಗೆಳೆಯನೊಬ್ಬ ಡಾಕ್ಟರ್. ತಿಂಗಳಾ ಬರುವ ದುಡ್ಡು ಹೆಚ್ಚುಕಮ್ಮಿ ಒಂದೇ, ನಾಲ್ಕೈದು ವರ್ಷಕ್ಕೊಮ್ಮೆ ಕಾರು ಬದಲಿಸುವ ಚಟ. ಅವನಿಗೆ ಸಣ್ಣ ಕಂತು, ಕೊನೆಗೆ ಕಾರು ಮಾರಿ ಬಲೂನ್ ತೀರಿಸುವ ದಾರಿ ಸರಿಹೊಂದುತ್ತದೆ. ನಾಲ್ಕು ಲಕ್ಷ ಜಾಸ್ತಿ ಬಡ್ಡಿ ಆ ಅನುಕೂಲಕ್ಕೆ ಕೊಡುವ ಬೆಲೆ ಅಂತ ಅವನಿಗೆ ಗೊತ್ತು. ಅವನಿಗೆ ಹೇಳಿದ್ದು ಇಷ್ಟೇ: ಕೊನೆಯ ಮೊತ್ತ ಆ ಹೊತ್ತಿಗೆ ಹಳೇ ಕಾರಿಗೆ ಸಿಗುವ ಬೆಲೆಗಿಂತ ಸಾಕಷ್ಟು ಕೆಳಗಿರಲಿ, 20 ಲಕ್ಷದ ಬದಲು 15 ಬರೆಸು. ಕಂತು ಆರೂವರೆ ಸಾವಿರ ಏರಿದರೆ ಏರಲಿ. ಅವನಿನ್ನೂ ಬಣ್ಣದ ಬಗ್ಗೆಯೇ ಯೋಚಿಸುತ್ತಿದ್ದಾನೆ.