‘ಉಚಿತ ಮೆದುಳು ತಪಾಸಣೆ’ ಅಂತ ಕರೆದರೆ, ಹೋಗುವ ಮುಂಚೆ ಇದನ್ನು ಓದಿ

ಹಾಸನದ ಸುತ್ತಮುತ್ತ ಕಲ್ಯಾಣ ಮಂಟಪ ಹಿಡಿದು ವಯಸ್ಸಾದವರಿಗೆ ‘ಉಚಿತ ಮೆದುಳು ತಪಾಸಣೆ’ ಮಾಡುವ ಒಂದು ತಂಡ ಓಡಾಡುತ್ತಿದೆ. ಹೆಸರು ಇಲ್ಲಿ ಹಾಕುವುದಿಲ್ಲ. ಹೇಗೂ ಊರಿಂದ ಊರಿಗೆ ಅವರ ಬೋರ್ಡ್ ಬದಲಾಗುತ್ತದೆ. ಅವರು ಮಾಡುವ ಕೆಲಸದ ರೀತಿ ಗೊತ್ತಿದ್ದರೆ ಸಾಕು.

ನಮ್ಮತ್ತೆಗೆ ಎಪ್ಪತ್ತು ದಾಟಿದೆ, ಇರುವುದು ಆಲೂರಿನ ಹತ್ತಿರ. ಹೇಳಿದ್ದನ್ನೇ ಹೇಳುವುದು, ಒಲೆ ಮೇಲೆ ಹಾಲಿಟ್ಟು ಮರೆಯುವುದು ಶುರುವಾಗಿತ್ತು. ಯಾರೋ ಪಾಂಪ್ಲೆಟ್ ತಂದುಕೊಟ್ಟರು, ಮೈದುನ ಕರೆದುಕೊಂಡು ಹೋದರು. ಅಲ್ಲಿ ಕೈಗೆ ಒಂದು ಲೋಹದ ಕಡ್ಡಿ ಕೊಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ ಅಂದರಂತೆ. ಎರಡು ನಿಮಿಷಕ್ಕೆ ಲ್ಯಾಪ್‌ಟಾಪಿನಿಂದ ಹತ್ತಾರು ಪುಟದ ರಿಪೋರ್ಟ್. ಎಲ್ಲ ಕಡೆ ಕೆಂಪು ಬಣ್ಣ. ‘ಅಮ್ಮಾ, ನಿಮ್ಮ ಮೆದುಳಿಗೆ ತೊಂಬತ್ತು ವರ್ಷ ಆಗೋಗಿದೆ, ಇನ್ನು ಆರು ತಿಂಗಳು ಬಿಟ್ಟರೆ ಮಕ್ಕಳ ಗುರುತೂ ಸಿಗಲ್ಲ’ ಅಂತ ಅವರ ಮುಖಕ್ಕೇ ಹೇಳಿದ್ದಾರೆ. ಅಂಗೈಯಲ್ಲಿ ಕಡ್ಡಿ ಹಿಡಿದರೆ ಮೆದುಳಿನ ವಯಸ್ಸು ಗೊತ್ತಾಗುವ ಯಂತ್ರ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಆದರೆ ಆ ಮಾತು ಕೇಳಿದ ಮುದುಕಿಗೆ ರಾತ್ರಿ ನಿದ್ದೆ ಹೇಗೆ ಬರಬೇಕು?

ಮೂವತ್ತೆಂಟು ಸಾವಿರದ ಪ್ಯಾಕೇಜು. ಕ್ಯಾಪ್ಸೂಲು, ತಲೆಗೆ ಎಣ್ಣೆ, ಹಣೆಗೆ ಕಟ್ಟಿಕೊಳ್ಳುವ ಒಂದು ಪಟ್ಟಿ, ಜೊತೆಗೆ ಮೊಬೈಲಿನಲ್ಲಿ ಆಡುವ ‘ಬ್ರೈನ್ ಟ್ರೈನಿಂಗ್’ ಆಟ. ದುಡ್ಡಿನ ವಿಷಯ ಬಿಡಿ. ‘ಇಂಗ್ಲಿಷ್ ಮಾತ್ರೆ ದೇಹಕ್ಕೆ ವಿಷ, ನಮ್ಮ ಕೋರ್ಸ್ ಮುಗಿಯೋವರೆಗೆ ನಿಲ್ಲಿಸಿ’ ಅಂತ ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದಾರೆ. ಕಾಗದದಲ್ಲಿ ಆ ಮಾತು ಎಲ್ಲೂ ಇಲ್ಲ, ಗಮನಿಸಿ. ಅತ್ತೆ ಯಾರಿಗೂ ಹೇಳದೆ ಸಕ್ಕರೆ ಕಾಯಿಲೆ ಮಾತ್ರೆಯನ್ನೂ ಬಿಪಿ ಮಾತ್ರೆಯನ್ನೂ ಬಿಟ್ಟುಬಿಟ್ಟರು. ಮರೆವು ಜಾಸ್ತಿ ಆಯಿತು. ಹಗಲೆಲ್ಲ ಮಂಪರು, ರಾತ್ರಿಯೆಲ್ಲ ಗೊಂದಲ. ಫೋನ್ ಮಾಡಿ ಕೇಳಿದರೆ ‘ವಿಷ ಹೊರಗೆ ಬರ್ತಿದೆ, ಒಳ್ಳೇ ಲಕ್ಷಣ’ ಅಂದರು!

ಆಟದ ಸ್ಕೋರ್ ಮಾತ್ರ ಏರುತ್ತಿತ್ತು. ಅದನ್ನೇ ತೋರಿಸಿ ‘ನೋಡಿ, ಇಂಪ್ರೂವ್‌ಮೆಂಟ್’ ಅನ್ನುತ್ತಿದ್ದರು. ದಿನಾ ಚೌಕಾಬಾರ ಆಡಿದರೆ ಚೌಕಾಬಾರದಲ್ಲಿ ಕೈ ಪಳಗುತ್ತದೆ, ಅದರಿಂದ ಬೀಗದ ಕೈ ಎಲ್ಲಿಟ್ಟೆ ಅನ್ನುವುದು ನೆನಪಾಗುವುದಿಲ್ಲ. ಅಮೆರಿಕದಲ್ಲಿ ‘ಆಕ್ಟಿವ್’ ಎಂಬ ದೊಡ್ಡ ಅಧ್ಯಯನ ಸುಮಾರು 2,800 ಹಿರಿಯರ ಮೇಲೆ ನಡೆಯಿತು. 2002ರಲ್ಲಿ ಬಂದ ಫಲಿತಾಂಶ ಹೆಚ್ಚುಕಮ್ಮಿ ಇದೇ: ಯಾವುದನ್ನು ಅಭ್ಯಾಸ ಮಾಡಿಸಿದರೋ ಅದು ಸುಧಾರಿಸಿತು, ಎರಡು ವರ್ಷದಲ್ಲಿ ದಿನನಿತ್ಯದ ಕೆಲಸಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ನೋಡಿದ್ದಕ್ಕೆ ಬೇಗ ಸ್ಪಂದಿಸುವ ಒಂದು ಬಗೆಯ ತರಬೇತಿ ಮಾತ್ರ ಮುಂದಿನ ವರ್ಷಗಳಲ್ಲಿ ಒಂದಿಷ್ಟು ಆಸೆ ಹುಟ್ಟಿಸಿದೆ, ನಿಜ. ಆದರೆ ನಮ್ಮ ಕಲ್ಯಾಣ ಮಂಟಪದ ಆಪ್ ಅದಲ್ಲ. ಲುಮಾಸಿಟಿ ಎಂಬ ಹೆಸರಾದ ಆಪ್‌ನ ಕಂಪನಿ, ಪುರಾವೆ ಇಲ್ಲದೆ ಮರೆವು ತಡೆಯುತ್ತೇವೆ ಎಂಬಂತೆ ಜಾಹೀರಾತು ಕೊಟ್ಟ ಆರೋಪಕ್ಕೆ 2016ರಲ್ಲಿ ಅಮೆರಿಕ ಸರ್ಕಾರಕ್ಕೆ ಇಪ್ಪತ್ತು ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು.

ಕ್ಯಾಪ್ಸೂಲಿನ ಡಬ್ಬಿ ಮೇಲೆ ಗಿಂಕೋ (ಚೀನಾ ಮೂಲದ ಒಂದು ಮರದ ಎಲೆಯ ಸಾರ), ಬ್ರಾಹ್ಮಿ ಅಂತ ಬರೆದಿತ್ತು. ಗಿಂಕೋವನ್ನು 75 ದಾಟಿದ ಮೂರು ಸಾವಿರಕ್ಕೂ ಹೆಚ್ಚು ಜನಕ್ಕೆ ವರ್ಷಗಟ್ಟಲೆ ಕೊಟ್ಟು ನೋಡಿದ್ದಾರೆ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಕಡಿಮೆ ಆಗಲಿಲ್ಲ ಅಂತ 2008ರಲ್ಲೇ ಪ್ರಕಟವಾಗಿದೆ. ಇನ್ನು ಬ್ರಾಹ್ಮಿ ಅಂತ ನಮ್ಮ ಕಡೆ ಕರೆಯುವ ಒಂದೆಲಗ ನಮ್ಮ ಗದ್ದೆ ಬದುವಿನಲ್ಲಿ ಸುಮ್ನೆ ಬೆಳೆಯುತ್ತದೆ. ತಂಬುಳಿ ಮಾಡಿ ಉಣ್ಣಿ, ರುಚಿಯಾಗಿರುತ್ತದೆ. ಅದಕ್ಕೆ ಸಾವಿರಗಟ್ಟಲೆ ಕೊಡಬೇಕಿಲ್ಲ. ನಾನು ಆಯುರ್ವೇದದ ವಿರೋಧಿ ಅಲ್ಲ. ಓದಿದ ವೈದ್ಯರು ಯಾರೂ ಹೀಗೆ ಸಕ್ಕರೆ ಮಾತ್ರೆ ನಿಲ್ಲಿಸಿ ಮನೆಗೆ ಕಳಿಸುವುದಿಲ್ಲ.

ಕೊನೆಗೆ ಹಾಸನದ ಒಬ್ಬ ಫಿಸಿಷಿಯನ್ ಹತ್ತಿರ ತೋರಿಸಿದೆವು. ಅವರು ಮೊದಲು ಕೇಳಿದ್ದು, ಮನೆಯಲ್ಲಿರುವ ಮಾತ್ರೆಯನ್ನೆಲ್ಲ ಚೀಲದಲ್ಲಿ ಹಾಕಿ ತನ್ನಿ ಅಂತ. ಅದರಲ್ಲಿ ಶೀತಕ್ಕೆ ಅಂತ ಅತ್ತೆ ಮೆಡಿಕಲ್ ಸ್ಟೋರಿನಿಂದ ತರಿಸಿ ದಿನಾ ನುಂಗುತ್ತಿದ್ದ ಹಳೇ ಕಾಲದ ಅಲರ್ಜಿ ಮಾತ್ರೆ ಸಿಕ್ಕಿತು. ವಯಸ್ಸಾದವರಲ್ಲಿ ಅದೊಂದೇ ಮಂಕು ಕವಿಸಬಲ್ಲದು. ರಕ್ತ ಪರೀಕ್ಷೆಯಲ್ಲಿ ಬಿ12 ವಿಟಮಿನ್ ತೀರಾ ಕೆಳಗಿತ್ತು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಬಹಳ ವರ್ಷ ತಿಂದವರಿಗೆ ಬಿ12 ಕಡಿಮೆಯಾಗುವುದು ಗೊತ್ತಿರುವ ವಿಷಯ. ಅದರ ಮೇಲೆ ನಮ್ಮ ಮನೆಯಲ್ಲಿ ಮೊಟ್ಟೆ ಮಾಂಸವೂ ಇಲ್ಲ. ಅದಕ್ಕೆ ಉತ್ತರ ಮೆಟ್‌ಫಾರ್ಮಿನ್ ಬಿಡುವುದಲ್ಲ, ಬಿ12 ಕೊಡುವುದು. ಥೈರಾಯ್ಡ್, ಮನಸ್ಸಿನ ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಕಟ್ಟಿರುವುದು, ಇವೂ ಮರೆವಿನ ಹಾಗೇ ಕಾಣುತ್ತವೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ಶಿಬಿರದವರಿಂದ ಆದ ನಿಜವಾದ ನಷ್ಟ ಇದು: ಈ ಪರೀಕ್ಷೆಗಳು ಅಷ್ಟು ತಿಂಗಳು ತಡವಾದವು.

ಇಂಜೆಕ್ಷನ್ ಶುರುವಾಯಿತು, ಆ ಶೀತದ ಮಾತ್ರೆ ನಿಂತಿತು, ಸಕ್ಕರೆ ಹತೋಟಿಗೆ ಬಂತು. ಮಂಕು ಇಳಿಯಿತು. ಮರೆವು ಪೂರ್ತಿ ಹೋಗಿಲ್ಲ, ಆ ಬಗ್ಗೆ ಮುಂದೆ ನೋಡೋಣ ಅಂದಿದ್ದಾರೆ. ಕಿವಿಯನ್ನೂ ತೋರಿಸಿ ಅಂದರು. ಕಿವಿ ಮಂದವಾಗಿರುವುದು, ಬಿಪಿ, ಸಕ್ಕರೆ, ಬೀಡಿ-ಸಿಗರೇಟಿನ ಚಟ, ಒಂಟಿತನ ಹೀಗೆ ಡಿಮೆನ್ಷಿಯಾದ ಅಪಾಯ ಹೆಚ್ಚಿಸುವ, ತಡೆಯಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ವರದಿ ಪಟ್ಟಿ ಮಾಡಿದೆ. ಆ ಪಟ್ಟಿಯಲ್ಲಿ ಹಣೆಪಟ್ಟಿ ಇಲ್ಲ ಬಿಡಿ. ಊಟ, ವ್ಯಾಯಾಮ, ಬಿಪಿ-ಸಕ್ಕರೆಯ ಮೇಲೆ ಕಣ್ಣು, ಮೆದುಳಿಗೆ ಕೆಲಸ ಎಲ್ಲವನ್ನೂ ಸೇರಿಸಿ ಎರಡು ವರ್ಷ ಮಾಡಿಸಿದ ಫಿನ್ಲೆಂಡಿನ ಅಧ್ಯಯನದಲ್ಲಿ ಸಣ್ಣದಾದರೂ ಪ್ರಯೋಜನ ಕಂಡಿದೆ. ಎಲ್ಲ ಒಟ್ಟಿಗೆ ಮಾಡಿದ್ದಕ್ಕೆ, ಒಂದು ಡಬ್ಬಿ ಕೊಂಡಿದ್ದಕ್ಕಲ್ಲ. ಅತ್ತೆ ಈಗ ಹಾಸನಕ್ಕೆ ಬಂದಾಗಲೆಲ್ಲ ಮಹಾರಾಜ ಪಾರ್ಕಿನಲ್ಲಿ ನಡೆಯುತ್ತಾರೆ, ಸಿಕ್ಕವರನ್ನೆಲ್ಲ ಮಾತಾಡಿಸುತ್ತಾರೆ.

ದುಡ್ಡು ವಾಪಸ್ ಬಂದಿಲ್ಲ. ಬಿಲ್ ಕೊಟ್ಟಿರಲಿಲ್ಲ, ಒಂದು ಚೀಟಿಯಲ್ಲಿ ‘ದೇಣಿಗೆ’ ಅಂತ ಬರೆದುಕೊಟ್ಟಿದ್ದರು. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಮೆದುಳಿನ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಔಷಧದ ಜಾಹೀರಾತು ಕೊಡುವುದೇ 1954ರ ‘ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್’ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ನಿಮ್ಮ ಮನೆಗೆ ಇಂಥ ಪಾಂಪ್ಲೆಟ್ ಬಂದರೆ ಹರಿದು ಎಸೆಯಬೇಡಿ. ಫೋಟೋ ತೆಗೆದಿಡಿ, ತಾರೀಕು ಮತ್ತು ಮಂಟಪದ ಹೆಸರು ಕಾಣುವ ಹಾಗೆ. ನಮ್ಮ ಪಾಂಪ್ಲೆಟ್ ಒಲೆ ಸೇರಿತ್ತು, ಈಗ ಅಂಥದೇ ಇನ್ನೊಂದು ಬೇಲೂರು ಕಡೆಯ ಒಬ್ಬರ ಹತ್ತಿರ ಸಿಕ್ಕಿದೆ.